ಮೀಟರ್ ಪಾಸ್ ಮಾಡಿದ ವೈರನ್ನು ಬಲ್ಬು ಹಿಡಿಯಿತು

ಇಂದ್ರಾಳಿಯ ರೈಲ್ವೆ ಸೇತುವೆ ದಾಟಿದ ಮೇಲೆ ಮಣಿಪಾಲದ ಏರು ಶುರುವಾಗುತ್ತದಲ್ಲ, ಕಾರು ಮೊದಲ ಸಲ ಮುಗ್ಗರಿಸಿದ್ದು ಅಲ್ಲಿ. ಆಟಿ ತಿಂಗಳು. ವೈಪರ್ ಜೋರಾಗಿ ಹಾಕಿದರೂ ಎದುರಿನ ಬಸ್ಸು ಸರಿಯಾಗಿ ಕಾಣದಷ್ಟು ಮಳೆ. ಮಗಳನ್ನು ಕಾಲೇಜಿಗೆ ಬಿಡಲು ಹೊರಟಿದ್ದೆ. ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ್ದೇ ತಡ, ಗಾಡಿ ಗಡಗಡ ಅಂತ ನಡುಗಿತು. ಸೀಟು, ಸ್ಟೀರಿಂಗ್, ಡ್ಯಾಶ್‌ಬೋರ್ಡಿನ ಮೇಲಿನ ಗಣಪತಿ, ಎಲ್ಲ ಒಟ್ಟಿಗೆ. ಇಂಜಿನ್ ಆಕಾರದ ಹಳದಿ ದೀಪ ಹತ್ತಿ ಮಿಣಮಿಣ ಮಿನುಗತೊಡಗಿತು.

"ಎಂತ ಆಯ್ತಪ್ಪ?"

"ಮಿಸ್ಸಿಂಗ್."

"ಎಂತ ಮಿಸ್ಸಾದ್ದು?"

ಅದೇ ಗೊತ್ತಿದ್ದರೆ ಈ ಕತೆ ಇಷ್ಟು ಉದ್ದ ಆಗುತ್ತಿರಲಿಲ್ಲ.

ಆ ದೀಪ ಸುಮ್ನೆ ಹತ್ತಿಕೊಂಡಿದ್ದರೆ ನಿಧಾನವಾಗಿ ಮನೆಗೆ ಹೋಗಿ ನೋಡಬಹುದು. ಮಿನುಗಿದರೆ ಬೇರೆ ವಿಷಯ. ಮಿಸ್ಸಿಂಗ್ ಅಂದರೆ ಯಾವುದೋ ಸಿಲಿಂಡರಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದು. ಹಾಗೆ ಉರಿಯದ ಪೆಟ್ರೋಲ್ ಸೈಲೆನ್ಸರ್ ದಾರಿಯಲ್ಲಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ. ಅದು ಕಾದು ಒಳಗಿನ ಜೇನುಗೂಡಿನಂಥ ಭಾಗ ಕರಗಿದರೆ ಆಗುವ ಖರ್ಚಿನ ಮುಂದೆ ಕಿಡಿ ಹಾರಿಸುವ ಪ್ಲಗ್, ಆ ಕಿಡಿಗೆ ವೋಲ್ಟೇಜ್ ಕೊಡುವ ಕಾಯಿಲ್ ಎಲ್ಲ ಚಿಲ್ಲರೆ. ಹಾಗಾಗಿ ನಿಲ್ಲಿಸುವುದೇ ಸರಿ. ನಾನು ನಿಲ್ಲಿಸಲಿಲ್ಲ ಅಂತ ಒಪ್ಪಿಕೊಳ್ಳುತ್ತೇನೆ. ಮಗಳಿಗೆ ಇಂಟರ್ನಲ್ಸ್ ಇತ್ತು. ಆಕ್ಸಿಲರೇಟರ್ ಹಗುರ ಮಾಡಿ, ಎರಡನೇ ಗೇರಿನಲ್ಲಿ ಏರು ಹತ್ತಿಸಿ, ಅವಳನ್ನು ಬಿಟ್ಟು ಸಂತೆಕಟ್ಟೆಯ ಮನೆಗೆ ತೆವಳಿಕೊಂಡು ಬಂದೆ. ಸಮತಟ್ಟು ರಸ್ತೆಯಲ್ಲಿ ಗಾಡಿ ಏನೂ ಆಗದವರ ಹಾಗೆ ಓಡಿತು. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಗಾಡಿ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. 1.2 ಲೀಟರ್, ನಾಲ್ಕು ಸಿಲಿಂಡರ್. ಪ್ರತಿ ಪ್ಲಗ್ಗಿನ ತಲೆ ಮೇಲೆ ಒಂದೊಂದು ಕಾಯಿಲ್. ಪರಿಚಯದ ಗ್ಯಾರೇಜಿಗೆ ಫೋನ್ ಮಾಡಿದರೆ, "ನಾಲ್ಕೂ ಕಾಯಿಲ್, ನಾಲ್ಕೂ ಪ್ಲಗ್ ಹಾಕಿಬಿಡುವ, ಟೆನ್ಶನ್ ಇಲ್ಲ" ಅಂದರು. ಟೆನ್ಶನ್ ಅವರಿಗೆ ಇಲ್ಲ, ಸರಿ. ಎಲ್ಲ ಸೇರಿ ಹತ್ತು ಸಾವಿರದ ಮೇಲಾಗುತ್ತಿತ್ತು. ಶನಿವಾರ ನಾನೇ ಬಾನೆಟ್ ಎತ್ತಿದೆ.

ಬ್ಯಾಟರಿ ಪಕ್ಕದ ತಟ್ಟೆಯಲ್ಲಿ ಹಲಸಿನ ಬೀಜದ ಸಿಪ್ಪೆ ಎರಡು ಮೂರು ಬಿದ್ದಿತ್ತು. ಗಾಳಿಗೆ ಬಂದಿರಬೇಕು ಅಂತ ಕೈಯಲ್ಲಿ ಗುಡಿಸಿ ಹಾಕಿದೆ. ಹಲಸಿನ ಬೀಜದ ಸಿಪ್ಪೆ ಗಾಳಿಗೆ ಹಾರಿ ಮುಚ್ಚಿದ ಬಾನೆಟ್ಟಿನ ಒಳಗೆ ಹೇಗೆ ಹೋಗುತ್ತದೆ ಅಂತ ಆಗ ತಲೆಗೆ ಹೊಳೆಯಲಿಲ್ಲ.

ಮೊದಲು ಸ್ಕ್ಯಾನ್. ಇಂಜಿನ್ ಕಂಪ್ಯೂಟರ್ ಬರೆದಿಟ್ಟ ದೋಷದ ಕೋಡ್ ಓದಲು ಸ್ಟೀರಿಂಗ್ ಕೆಳಗೆ 16 ಪಿನ್ನಿನ ಒಬಿಡಿ ಸಾಕೆಟ್ ಇರುತ್ತದೆ. ಅದಕ್ಕೆ ಸಿಕ್ಕಿಸುವ ಬ್ಲೂಟೂತ್ ಅಡಾಪ್ಟರ್ ನನ್ನ ಹತ್ತಿರ ಇತ್ತು. ಮೊಬೈಲಿನಲ್ಲಿ ಎರಡು ಕೋಡ್ ಬಂತು: ಪಿ0300 ಮತ್ತು ಪಿ0303. ಮೊದಲನೆಯದು ಎಲ್ಲೋ ಮಿಸ್ಸಿಂಗ್ ಇದೆ ಅಂತ. ಎರಡನೆಯದು ಮೂರನೇ ಸಿಲಿಂಡರ್ ಅಂತ ಬೊಟ್ಟು ಮಾಡಿ ತೋರಿಸುವಂಥದ್ದು. ಕಾಯಿಲಿನ ಸರ್ಕ್ಯೂಟ್ ಕೆಟ್ಟಿದ್ದರೆ ಪಿ0353 ಬರಬಹುದಿತ್ತು, ಬರಲಿಲ್ಲ.

ಇಂಜಿನ್ ಕಂಪ್ಯೂಟರಿಗೆ ಇದು ಹೇಗೆ ಗೊತ್ತಾಗುತ್ತದೆ? ಅದು ಸಿಲಿಂಡರಿನೊಳಗೆ ಇಣುಕಿ ನೋಡುವುದಿಲ್ಲ. ಇಂಜಿನ್ ತಿರುಗಿಸುವ ಕ್ರ್ಯಾಂಕ್ ಅನ್ನುವ ದಂಡದ ವೇಗವನ್ನು ಸೆನ್ಸರಿನಿಂದ ಅಳೆಯುತ್ತಾ ಇರುತ್ತದೆ. ಪ್ರತಿ ಸಿಲಿಂಡರ್ ಉರಿದಾಗ ಕ್ರ್ಯಾಂಕಿಗೆ ಒಂದು ತಳ್ಳು ಸಿಗುತ್ತದೆ. 1-3-4-2 ಅನ್ನುವ ಸರದಿಯಲ್ಲಿ ಯಾರ ಪಾಳಿಗೆ ತಳ್ಳು ತಪ್ಪಿತೋ ಅವರ ಹೆಸರು ಬರೆದಿಡುತ್ತದೆ. ಅಂದರೆ ಕೋಡ್ ಹೇಳುವುದು ಯಾವ ಸಿಲಿಂಡರ್ ಅಂತ ಮಾತ್ರ. ಕಾಯಿಲೋ, ಪ್ಲಗ್ಗೋ, ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರೋ, ವಾಲ್ವೋ ಅಂತ ಅದಕ್ಕೂ ಗೊತ್ತಿಲ್ಲ. ಪಿ0303 ಅಂತ ಬಂದ ಕೂಡಲೇ ಕಾಯಿಲ್ ಆರ್ಡರ್ ಮಾಡುವವರನ್ನು ನೋಡಿದ್ದೇನೆ. ನಾನೂ ಒಂದು ಕಾಲದಲ್ಲಿ ಅದೇ ಜಾತಿ.

ಖರ್ಚಿಲ್ಲದ ಪರೀಕ್ಷೆ ಅದಲು ಬದಲು. 10ರ ಸ್ಪ್ಯಾನರಿನಲ್ಲಿ ಬೋಲ್ಟ್ ಬಿಚ್ಚಿ, ಮೂರನೆಯ ಕಾಯಿಲನ್ನು ಒಂದನೆಯ ಜಾಗಕ್ಕೆ, ಒಂದನೆಯದನ್ನು ಮೂರಕ್ಕೆ ಹಾಕಿದೆ. ಕೋಡ್ ಅಳಿಸಿದೆ. ಈಗ ತೊಂದರೆ ಕಾಯಿಲಿನ ಜೊತೆ ಹೋದರೆ ಪಿ0301 ಬರಬೇಕು. ಮೂರರಲ್ಲೇ ಉಳಿದರೆ ಕಾಯಿಲ್ ನಿರಪರಾಧಿ. ಲೆಕ್ಕ ಸರಳ.

ಮಣಿಪಾಲದ ಏರಿಗೆ ಹೋಗಿ ಬಂದೆ. ಯಾವ ಕೋಡೂ ಇಲ್ಲ! ನಡುಕವೂ ಇಲ್ಲ. ಕಾಯಿಲಿಗೆ ವೈರು ಸಿಕ್ಕಿಸುವ ಕಪ್ಲರಿನಲ್ಲಿ ಸ್ವಲ್ಪ ತೇವ ಇದ್ದಿರಬೇಕು, ಬಿಚ್ಚಿ ಹಾಕಿದಾಗ ಸರಿಯಾಯಿತು ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡು, ಬರುವಾಗ ಗೋಳಿಬಜೆ ಕಟ್ಟಿಸಿಕೊಂಡು ಬಂದೆ. ಅಮ್ಮ ಗೋಳಿಬಜೆ ತಿನ್ನುತ್ತಾ ತನ್ನ ದೂರು ಹೇಳಿದರು. ಕೆಮ್ಮಣ್ಣು ಸವರಿ ಅಟ್ಟದಲ್ಲಿಟ್ಟ ಹಲಸಿನ ಬೀಜ ದಿನದಿಂದ ದಿನಕ್ಕೆ ಕಮ್ಮಿಯಾಗುತ್ತಿದೆಯಂತೆ. "ಇಲಿ ಮಾರಾಯ, ಒಂದು ಬೋನು ತಂದಿಡು." ಹ್ಞೂಂ ಅಂದೆ, ಮರೆತೆ.

ಮಂಗಳವಾರ ಅದೇ ಏರು, ಅದೇ ಗಡಗಡ, ಅದೇ ಪಿ0303.

ಈಗ ಮೂರನೇ ಜಾಗದಲ್ಲಿ ಇರುವುದು ಒಂದನೆಯ ಕಾಯಿಲ್. ಹಾಗಾದರೆ ಕಾಯಿಲ್ ಅಲ್ಲ. ಮೊನ್ನೆ ಗುಣವಾದದ್ದು ಗುಣವೇ ಅಲ್ಲ. ಏನೋ ಅಲುಗಾಡಿ ಎರಡು ದಿನ ಸುಮ್ಮನಿತ್ತು, ಅಷ್ಟೆ. ಆ ಮಾತಿನ ಮೇಲೆ ಅಲ್ಲೇ ಕೂತು ಯೋಚನೆ ಮಾಡಿದ್ದರೆ ನಾಲ್ಕು ದಿನ ಉಳಿಯುತ್ತಿತ್ತು. ಆದರೆ ಪ್ಲಗ್ ಪಾನಾ ಕೈಗೆ ಬಂದಿತ್ತು.

ಪ್ಲಗ್ ಬಿಚ್ಚುವಾಗ ಇಂಜಿನ್ ತಣ್ಣಗಿರಬೇಕು. ಪ್ಲಗ್ ಕೂರುವ ಹೆಡ್ ಅಲ್ಯೂಮಿನಿಯಂ, ಬಿಸಿ ಇರುವಾಗ ತಿರುಗಿಸಿದರೆ ಅದರ ಮರೆ (ಥ್ರೆಡ್) ಕಿತ್ತು ಬರುವ ಭಯ. ಪ್ಲಗ್ ಕೂರುವ ಗುಂಡಿಯಲ್ಲಿ ಮರಳು ಇದ್ದರೆ ಸೀದಾ ಸಿಲಿಂಡರಿಗೆ ಬೀಳುತ್ತದೆ, ಹಾಗಾಗಿ ಮಗಳ ಸೈಕಲ್ ಪಂಪಿನಲ್ಲಿ ಗಾಳಿ ಹೊಡೆದು ಚೊಕ್ಕ ಮಾಡಿದೆ. ಒಂದು, ಎರಡು, ನಾಲ್ಕನೆಯ ಪ್ಲಗ್ಗಿನ ತುದಿ ಒಣಗಿ ಬಿಸ್ಕತ್ ಬಣ್ಣಕ್ಕಿತ್ತು. ಮೂರನೆಯದು ಕಪ್ಪು, ಒದ್ದೆ, ಮೂಗಿಗೆ ಹಿಡಿದರೆ ಪೆಟ್ರೋಲ್ ವಾಸನೆ. ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ ಅಂತ ಪ್ಲಗ್ಗೇ ಹೇಳಿತು. ಅಲ್ಲಿಗೆ ಇಂಜೆಕ್ಟರ್ ಮೇಲಿನ ಅನುಮಾನ ಮುಕ್ಕಾಲು ಹೋಯಿತು. ಉದ್ದ ಸ್ಕ್ರೂಡ್ರೈವರಿನ ತುದಿ ಇಂಜೆಕ್ಟರಿಗೆ, ಹಿಡಿ ಕಿವಿಗೆ ಇಟ್ಟು ಕೇಳಿದ್ದೆ. ನಾಲ್ಕೂ ಒಂದೇ ತಾಳದಲ್ಲಿ ಟಿಕ್‌ಟಿಕ್ ಅನ್ನುತ್ತಿದ್ದವು.

ನಾಲ್ಕನೆಯ ಗುಂಡಿಯಲ್ಲಿ ಸ್ವಲ್ಪ ಆಯಿಲ್ ಜಿನುಗಿತ್ತು. ಮೇಲಿನ ಕವರಿನ ಗ್ಯಾಸ್ಕೆಟ್ ಗಟ್ಟಿಯಾಗಿದೆ. ಇಂಥ ಆಯಿಲ್ ಕಾಯಿಲಿನ ರಬ್ಬರ್ ಬೂಟನ್ನು ಉಬ್ಬಿಸಿ ಮಿಸ್ಸಿಂಗ್ ಮಾಡುವುದುಂಟು. ಆದರೆ ನಾಲ್ಕನೆಯವ ಎಣ್ಣೆಯಲ್ಲಿ ನಿಂತೂ ಕೆಲಸ ಮಾಡುತ್ತಿದ್ದಾನೆ, ಒಣಗಿದ ಗುಂಡಿಯ ಮೂರನೆಯವ ಮುಷ್ಕರ ಹೂಡಿದ್ದಾನೆ. ಒರೆಸಿ, ಬರೆದಿಟ್ಟುಕೊಂಡೆ.

ಪ್ಲಗ್ 40,000 ಕಿಲೋಮೀಟರ್ ಓಡಿತ್ತು, ನಿಕ್ಕಲಿನ ಸಾದಾ ಪ್ಲಗ್ಗಿಗೆ ಅದು ವಯಸ್ಸೇ. ಹೊಸದು ನಾಲ್ಕು ತಂದೆ. ಫೀಲರ್ ಗೇಜಿನಲ್ಲಿ ಮ್ಯಾನ್ಯುಯಲ್ ಪ್ರಕಾರ ಸಂದು ನೋಡಿ, ಪ್ಲಗ್ಗಿನ ತಲೆಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಬೆರಳಲ್ಲೇ ತಿರುಗಿಸಿ ಕೂರಿಸಿದೆ. ಪೈಪಿನಲ್ಲಿ ತಿರುಗಿಸಿದರೆ ಮರೆ ಅಡ್ಡ ಹತ್ತಿದಾಗ ಪೈಪೇ ಜಾರುತ್ತದೆ, ಹೆಡ್ ಹಾಳಾಗುವುದಿಲ್ಲ. ಕೈಬಿಗಿ ಆದ ಮೇಲೆ ಪಾನಾದಲ್ಲಿ ಅರ್ಧ ಸುತ್ತು ಚಿಲ್ಲರೆ. ಪ್ಲಗ್ ಹಾಕುವ ಮೊದಲೇ ಗೇಜ್ ಎರವಲು ತಂದು ಕಂಪ್ರೆಶನ್ನೂ, ಅಂದರೆ ಪ್ರತಿ ಸಿಲಿಂಡರಿನಲ್ಲಿ ಎಷ್ಟು ಒತ್ತಡ ಏಳುತ್ತದೆ ಅಂತಲೂ, ನೋಡಿಬಿಟ್ಟೆ. ಫ್ಯೂಯೆಲ್ ಪಂಪಿನ ರಿಲೇ ಕಿತ್ತು, ನಾಲ್ಕೂ ಕಾಯಿಲಿನ ಕಪ್ಲರ್ ಬಿಚ್ಚಿ, ಮಗಳನ್ನು ಸೀಟಿನಲ್ಲಿ ಕೂರಿಸಿ, ಆಕ್ಸಿಲರೇಟರ್ ಪೂರ್ತಿ ಒತ್ತಿಸಿ ಸೆಲ್ಫ್ ಹೊಡೆಸಿದೆ. 185, 180, 182, 178 ಪಿಎಸ್‌ಐ. ನಾಲ್ಕೂ ಹತ್ತಿರ ಹತ್ತಿರ ಇದೆ, ವಾಲ್ವು, ರಿಂಗಿನ ಚಿಂತೆ ಬೇಡ. ಇಂಜಿನ್ ಬಿಚ್ಚಬೇಕಾಗಿಲ್ಲ ಅಂತ ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು.

ಮರುದಿನ ಏರಿನಲ್ಲಿ ಮತ್ತೆ ಪಿ0303. ಹೊಸ ಪ್ಲಗ್, ಬೇರೆ ಕಾಯಿಲ್, ಒಳ್ಳೆ ಕಂಪ್ರೆಶನ್, ಟಿಕ್‌ಟಿಕ್ ಅನ್ನುವ ಇಂಜೆಕ್ಟರ್. ಇನ್ನು ಉಳಿದದ್ದು ಕಾಯಿಲಿಗೆ ಬರುವ ವೈರು.

ಈ ಕಾಯಿಲಿಗೆ ಮೂರು ವೈರು. ಒಂದರಲ್ಲಿ 12 ವೋಲ್ಟ್ ಬರುತ್ತದೆ, ಒಂದು ಅರ್ತ್, ಇನ್ನೊಂದು ಯಾವಾಗ ಕಿಡಿ ಹಾರಿಸಬೇಕು ಅಂತ ಕಂಪ್ಯೂಟರ್ ಹೇಳುವ ಸಿಗ್ನಲ್ ವೈರು. ಮೂರನೆಯ ಕಪ್ಲರ್ ಬಿಚ್ಚುವಾಗ ಒಣಗಿದ ಲಾಕ್ ಟಿಕ್ ಅಂತ ಮುರಿದು ಕೈಗೆ ಬಂತು. ಹತ್ತು ವರ್ಷ ಇಂಜಿನ್ ಬಿಸಿ ತಿಂದ ಪ್ಲಾಸ್ಟಿಕ್, ಹಪ್ಪಳದ ಹಾಗೆ. ಕೀ ಆನ್ ಮಾಡಿ ಮಲ್ಟಿಮೀಟರ್ ಇಟ್ಟೆ. 12.3 ವೋಲ್ಟ್. ಒಂದನೆಯದರಲ್ಲೂ 12.3. ಅರ್ತ್ ವೈರಿಗೆ ಬೀಪ್ ಬಂತು. ವೈರ್ ಪಾಸ್!

ಇಲ್ಲಿ ನಾನು ಪೂರ್ತಿ ಸೋತೆ. ಎಲ್ಲವೂ ಸರಿ ಇದೆ, ಗಾಡಿ ಮಾತ್ರ ಸರಿ ಇಲ್ಲ. ಕಂಪ್ಯೂಟರೇ ಹೋಗಿರಬೇಕು ಅನ್ನುವ ಮಟ್ಟಕ್ಕೆ ಬಂದೆ. ಮನೆಯಲ್ಲಿ ರಿಪೇರಿ ಮಾಡುವವರು ಎಲ್ಲ ದಾರಿ ಮುಗಿದಾಗ ಹೇಳುವ ಮಾತು ಅದು.

ಸಂಜೆ ಬ್ರಹ್ಮಾವರದಿಂದ ಹೆಂಡತಿಯ ತಮ್ಮ ಬಂದ. ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅವನ ಕೆಲಸ. ಕಾರಿನ ಬಗ್ಗೆ ಆಸಕ್ತಿ ಇಲ್ಲ, ಸ್ಕೂಟರಿನವನು. ಚಾ ಕುಡಿಯುತ್ತಾ ನನ್ನ ರಾಮಾಯಣ ಪೂರ್ತಿ ಕೇಳಿ ಒಂದೇ ಮಾತು ಕೇಳಿದ.

"ಮೀಟರ್ ಇಟ್ಟದ್ದು ಲೋಡ್ ಹಾಕಿಯಾ, ಲೋಡ್ ಇಲ್ಲದೆಯಾ ಭಾವ?"

ಲೋಡ್ ಇಲ್ಲದೆ ಅಂದೆ.

"ತೋಟದ ಪಂಪಿಗೂ ಹಾಗೇ ಅಲ್ವಾ. ಮೀಟರ್ ಇಟ್ಟರೆ 230 ತೋರಿಸ್ತದೆ. ಮೋಟಾರ್ ಹಾಕಿದ ಕೂಡಲೇ 160ಕ್ಕೆ ಬೀಳ್ತದೆ. ಎಲ್ಲೋ ಜಾಯಿಂಟ್ ಸುಟ್ಟಿರ್ತದೆ. ಮೀಟರ್ ಬಿಡಿ ಮಾರಾಯ್ರೆ, ಬಲ್ಬು ಹಾಕಿ ನೋಡಿ."

ತಲೆ ಚಚ್ಚಿಕೊಂಡೆ. ಡಿಜಿಟಲ್ ಮಲ್ಟಿಮೀಟರ್ ಎಳೆಯುವ ಕರೆಂಟ್ ಇಲ್ಲವೆಂದೇ ಹೇಳಬೇಕು. ವೈರಿನ ಒಳಗೆ ಕಿಲುಬು ತಿಂದು ಕೂದಲಿನಂಥ ಒಂದು ಎಳೆ ಅರ್ಧಂಬರ್ಧ ತಾಗಿಕೊಂಡಿದ್ದರೂ ಅದಕ್ಕೆ 12 ವೋಲ್ಟ್ ಕಾಣುತ್ತದೆ. ಕಾಯಿಲ್ ಹಾಗಲ್ಲ. ಕಿಡಿಗೆ ಮುಂಚೆ ಕೆಲವೇ ಮಿಲಿಸೆಕೆಂಡಿನಲ್ಲಿ ಹಲವು ಆಂಪಿಯರ್ ಎಳೆದು ಶಕ್ತಿ ತುಂಬಿಕೊಳ್ಳಬೇಕು. ಆ ಒಂದು ಎಳೆಯಿಂದ ಅಷ್ಟು ಬರುವುದಿಲ್ಲ.

ಟೂಲ್ ಡಬ್ಬಿಯಲ್ಲಿ ಇಂಡಿಕೇಟರಿನ ಹಳೆಯ 21 ವ್ಯಾಟಿನ ಬಲ್ಬು ಇತ್ತು. 12 ವೋಲ್ಟಿನಲ್ಲಿ ಅದು ಒಂದೂಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಎರಡು ವೈರು ಬೆಸುಗೆ ಹಾಕಿದೆ. ಒಂದರ ತುದಿಗೆ ಕ್ಲಿಪ್, ಇನ್ನೊಂದಕ್ಕೆ ಗುಂಡುಸೂಜಿ. ಮೀಟರಿನ ದಪ್ಪ ಮೊನೆಯನ್ನು ಕಪ್ಲರಿನ ಒಳಗೆ ತುರುಕಬಾರದು, ಪಿನ್ನಿನ ಬಾಯಿ ಅಗಲವಾಗಿ ಹೊಸದೊಂದು ಲೂಸ್ ಕಾಂಟ್ಯಾಕ್ಟ್ ಹುಟ್ಟಿಕೊಳ್ಳುತ್ತದೆ. ಮತ್ತೆ ಈ ಬಲ್ಬನ್ನು ಅಪ್ಪಿತಪ್ಪಿಯೂ ಸಿಗ್ನಲ್ ವೈರಿಗೆ ಮುಟ್ಟಿಸಬೇಡಿ. ಅಷ್ಟು ಕರೆಂಟ್ ಎಳೆದರೆ ಕಂಪ್ಯೂಟರ್ ನಿಜವಾಗಿಯೂ ಹೋಗಬಹುದು. ಯಾವ ಪಿನ್ ಯಾವುದು ಅಂತ ಮೊದಲು ಮೀಟರಿನಲ್ಲಿ ಖಾತ್ರಿ ಮಾಡಿಕೊಂಡೇ ಮುಂದುವರಿದೆ.

ಕಾರ್ ಶೆಡ್ಡಿನ ದೀಪ ಆರಿಸಿದೆವು. ಕ್ಲಿಪ್ ಬ್ಯಾಟರಿಯ ಮೈನಸ್ಸಿಗೆ, ಸೂಜಿ ಒಂದನೆಯ ಕಪ್ಲರಿನ 12 ವೋಲ್ಟ್ ಪಿನ್ನಿಗೆ. ಬಲ್ಬು ಝಗ್ಗಂತ ಹತ್ತಿತು. ಎರಡು, ನಾಲ್ಕು, ಅದೇ ಬೆಳಕು. ಮೂರನೆಯದಕ್ಕೆ ಇಟ್ಟೆ. ಊದುಬತ್ತಿಯ ತುದಿಯ ಹಾಗೆ ಕೆಂಪು. ಬಲ್ಬಿನ ಎರಡು ತುದಿಗೆ ಮೀಟರ್ ಹಿಡಿದರೆ ಒಂದನೆಯದರಲ್ಲಿ 12.0, ಮೂರನೆಯದರಲ್ಲಿ 4 ವೋಲ್ಟ್ ಚಿಲ್ಲರೆ. ಉಳಿದ ಎಂಟು ವೋಲ್ಟ್ ವೈರಿನಲ್ಲೇ ಎಲ್ಲೋ ಖರ್ಚಾಗುತ್ತಿದೆ. ಕ್ಲಿಪ್ಪನ್ನು ಬ್ಯಾಟರಿಯ ಪ್ಲಸ್ಸಿಗೆ ಬದಲಿಸಿ ಅರ್ತ್ ಪಿನ್ನನ್ನೂ ನೋಡಿದೆ, ಅದು ಸರಿ ಇತ್ತು.

"ಸಿಕ್ಕಿತಲ್ಲ," ಅಂದ ಭಾವಮೈದುನ, ಚಾ ಲೋಟ ಕೆಳಗಿಡದೆ.

ಬಲ್ಬು ಹಾಗೇ ಹಿಡಿದುಕೊಳ್ಳಲು ಅವನಿಗೆ ಕೊಟ್ಟು, ಹಿಡಿಸೂಡಿಯ ಹಿಡಿಯಿಂದ ವೈರಿಂಗನ್ನು ಅಲ್ಲಲ್ಲಿ ಮೆಲ್ಲ ಒತ್ತುತ್ತಾ ಹೋದೆ. ಕಪ್ಲರಿನಿಂದ ಒಂದು ಗೇಣು ಹಿಂದೆ, ವೈರಿಂಗ್ ಇಂಜಿನ್ನಿನ ಹಿಂಬದಿಗೆ ಬಾಗುವಲ್ಲಿ ಒತ್ತಿದಾಗ ಬಲ್ಬು ಒಮ್ಮೆ ಝಗ್ಗಂತು, ಮತ್ತೆ ಕೆಂಪಾಯಿತು. ಬ್ಯಾಟರಿಯ ಮೈನಸ್ ಬಿಚ್ಚಿ, ಆ ಜಾಗದ ಸುಕ್ಕು ಸುಕ್ಕು ಪ್ಲಾಸ್ಟಿಕ್ ಸ್ಲೀವನ್ನು ಬ್ಲೇಡಿನಲ್ಲಿ ಸೀಳಿದೆ. ಒಳಗೆ ಮೂರು ವೈರಿನಲ್ಲಿ ಒಂದರ ಸಿಪ್ಪೆ ಸಣ್ಣ ಸಣ್ಣ ಹಲ್ಲಿನ ಗುರುತಿನಲ್ಲಿ ಹೋಗಿತ್ತು. ಬೆತ್ತಲೆ ತಾಮ್ರಕ್ಕೆ ಹಸಿರು ಕಿಲುಬು. ಬೆರಳಲ್ಲಿ ಮುಟ್ಟಿದರೆ ಎಳೆಗಳು ಪುಡಿಪುಡಿ. ಎರಡೋ ಮೂರೋ ಎಳೆ ಮಾತ್ರ ಕಿಲುಬಿನ ನಡುವೆ ಹೇಗೋ ತಾಗಿಕೊಂಡಿತ್ತು. ಸ್ಲೀವಿನ ಕೆಳಗೆ, ಇಂಜಿನ್ನಿನ ಸಂದಿಯಲ್ಲಿ, ಒಂದು ಪೂರ್ತಿ ಹಲಸಿನ ಬೀಜ. ಕೆಮ್ಮಣ್ಣು ಸವರಿದ್ದು.

ಹೊರಗೆ ಮಳೆ, ಒಳಗೆ ಬೆಚ್ಚಗಿನ ಇಂಜಿನ್, ಮೇಲೆ ಅಟ್ಟದಲ್ಲಿ ಊಟ. ಇಲಿಗೆ ಇನ್ನೆಂತ ಬೇಕು? ಕಾರು ಮಳೆಯಿಂದ ಕೆಟ್ಟಿದ್ದು ಅಂತ ಎಲ್ಲರೂ ಹೇಳುತ್ತಿದ್ದದ್ದು ಸುಳ್ಳೂ ಅಲ್ಲ. ನೀರು ಒಳಗೆ ಹೋಗಿ ಅಂತ ನಾವು ಅಂದುಕೊಂಡಿದ್ದೆವು, ಒಳಗೆ ಹೋದದ್ದು ಇಲಿ. ಸಿಪ್ಪೆ ಹೋದ ತಾಮ್ರವನ್ನು ಉಪ್ಪು ಗಾಳಿ ಮತ್ತು ತೇವ ತಿಂದು ಮುಗಿಸಿದವು. ಮಲ್ಪೆಯ ಕಡಲು ನಮ್ಮಿಂದ ದೂರ ಇಲ್ಲ, ಇಲ್ಲಿ ಗೇಟಿನ ಬೋಲ್ಟೂ ಎರಡು ವರ್ಷ ಬಾಳುವುದಿಲ್ಲ.

ಏರಿನಲ್ಲಿ ಮಾತ್ರ ಯಾಕೆ ಮಿಸ್ಸಿಂಗ್ ಅನ್ನುವುದಕ್ಕೂ ಈಗ ಉತ್ತರ ಸಿಕ್ಕಿತು. ಆಕ್ಸಿಲರೇಟರ್ ಹಗುರವಾಗಿದ್ದಾಗ ಸಿಲಿಂಡರಿನೊಳಗೆ ಒತ್ತಡ ಕಮ್ಮಿ, ಬಡಕಲು ಕಿಡಿಯೂ ಪ್ಲಗ್ಗಿನ ಸಂದು ದಾಟುತ್ತದೆ. ಪೂರ್ತಿ ಒತ್ತಿದಾಗ ಗಾಳಿ ಜಾಸ್ತಿ ತುಂಬಿ ಒತ್ತಡ ಏರುತ್ತದೆ, ಅದೇ ಸಂದು ದಾಟಲು ಹೆಚ್ಚು ವೋಲ್ಟೇಜ್ ಬೇಕು. ಅರೆಹೊಟ್ಟೆಯ ಕಾಯಿಲ್ ಅಲ್ಲಿ ಕೈಚೆಲ್ಲುತ್ತದೆ. ಜೊತೆಗೆ ಲೋಡ್ ಬಿದ್ದಾಗ ಇಂಜಿನ್ ತನ್ನ ರಬ್ಬರ್ ಮೌಂಟಿನ ಮೇಲೆ ಸ್ವಲ್ಪ ವಾಲುತ್ತದೆ, ವೈರಿಂಗ್ ಎಳೆದಂತಾಗುತ್ತದೆ. ಮೊದಲ ಶನಿವಾರ ನಾನು ಕಾಯಿಲ್ ಬದಲಿಸುವಾಗ ವೈರು ಎಳೆದಾಡಿದ್ದೆ. ಎಳೆಗಳು ಒಂದಕ್ಕೊಂದು ತಾಗಿ ಎರಡು ದಿನ ನನ್ನನ್ನು ಮಂಗ ಮಾಡಿದವು.

ರಿಪೇರಿ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಕಪ್ಲರಿನ ಲಾಕ್ ಹೇಗೂ ಮುರಿದಿತ್ತು. ಗುಜರಿ ಅಂಗಡಿಯಲ್ಲಿ ಅದೇ ಮಾಡೆಲಿನ ಕಾರಿನಿಂದ ಉದ್ದ ಬಾಲದ ಸಮೇತ ಕಪ್ಲರ್ ಕತ್ತರಿಸಿ ಕೊಟ್ಟರು, 150 ರೂಪಾಯಿ. ಹಳೆಯ ವೈರನ್ನು ಕತ್ತರಿಸುತ್ತಾ ಹೋದರೆ ಸಿಪ್ಪೆಯ ಒಳಗೂ ತಾಮ್ರ ಕಪ್ಪಾಗಿತ್ತು. ಕಿಲುಬು ಎಳೆಗಳ ನಡುವೆ ಮೇಲಕ್ಕೆ ಹತ್ತಿಕೊಂಡು ಹೋಗಿತ್ತು. ಹೊಳೆಯುವ ತಾಮ್ರ ಸಿಗಲು ಇನ್ನೂ ನಾಲ್ಕು ಬೆರಳು ಕತ್ತರಿಸಬೇಕಾಯಿತು. ಮೂರು ವೈರಿನ ಜಾಯಿಂಟುಗಳನ್ನು ಒಂದೇ ಕಡೆ ಗಂಟಾಗದ ಹಾಗೆ ಹೆಚ್ಚು ಕಮ್ಮಿ ಉದ್ದಕ್ಕೆ ಇಟ್ಟೆ. ಒಂದು ಮುಗಿಸಿಯೇ ಇನ್ನೊಂದನ್ನು ಕತ್ತರಿಸಿದೆ, ಅದಲು ಬದಲಾಗಬಾರದಲ್ಲ. ವೈರಿನ ಬಣ್ಣ ನಂಬದೆ ಪಿನ್ನಿನ ಜಾಗ ನೋಡಿ ಜೋಡಿಸಿದೆ.

ಜಾಯಿಂಟಿಗೆ ಬೆಸುಗೆಯೋ, ಕೊಳವೆ ಹಾಕಿ ಒತ್ತಿ ಕಚ್ಚಿಸುವ ಕ್ರಿಂಪೋ ಅಂತ ಭಾವಮೈದುನನ ಜೊತೆ ಸಣ್ಣ ಜಗಳವೇ ಆಯಿತು. ಅವನದು ಬೆಸುಗೆ ಪಕ್ಷ. ಮೋಟಾರಿನಲ್ಲಿ ಸರಿ, ಆದರೆ ಇಂಜಿನ್ ಮೇಲೆ ಸದಾ ಅದುರು. ಸೀಸ ವೈರಿನೊಳಗೆ ಇಳಿದು ಗಟ್ಟಿಯಾದಲ್ಲಿಗೂ ಮೆತ್ತಗಿನ ವೈರು ಶುರುವಾಗುವಲ್ಲಿಗೂ ನಡುವೆ ಮುರಿಯುತ್ತದೆ. ತಾಮ್ರದ ಕೊಳವೆ ಹಾಕಿ ಕ್ರಿಂಪ್ ಮಾಡಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಸ್ಲೀವ್ ಏರಿಸಿ ಬಿಸಿ ಮಾಡಿದೆ. ತುದಿಯಲ್ಲಿ ಅಂಟು ಹೊರಗೆ ಜಿನುಗಿದರೆ ನೀರು ಹೋಗುವುದಿಲ್ಲ ಅಂತ ಅರ್ಥ. ಸುಮ್ನೆ ಇನ್ಸುಲೇಶನ್ ಟೇಪ್ ಸುತ್ತಿದರೆ ನಮ್ಮ ಮಳೆಗಾಲಕ್ಕೆ ಒಂದು ತಿಂಗಳಲ್ಲಿ ಅಂಟು ಬಿಟ್ಟು ಜೋತಾಡುತ್ತದೆ.

ಮತ್ತೆ ಬಲ್ಬು ಪರೀಕ್ಷೆ. ಮೂರನೆಯದರಲ್ಲೂ ಝಗ್. 12.0.

ಕೋಡ್ ಅಳಿಸಿ ಭಾನುವಾರ ಬೆಳಗ್ಗೆ ಹೊರಟೆ. ಇಂದ್ರಾಳಿ ದಾಟಿದ ಮೇಲೆ ಬೇಕಂತಲೇ ಮೂರನೇ ಗೇರಿನಲ್ಲೇ ಇಟ್ಟು 2000 ಸುತ್ತಿನಿಂದ ಆಕ್ಸಿಲರೇಟರ್ ನೆಲಕ್ಕೆ ಒತ್ತಿದೆ. ಪಕ್ಕದ ಸೀಟಿನಲ್ಲಿ ಮಗಳು ಮೊಬೈಲ್ ಹಿಡಿದು ಆ್ಯಪ್‌ನ ಮಿಸ್‌ಫೈರ್ ಎಣಿಕೆ ಓದುತ್ತಿದ್ದಳು. "ಸೊನ್ನೆ... ಸೊನ್ನೆ... ಸೊನ್ನೆ..." ಏರು ಮುಗಿದು ಮಣಿಪಾಲದ ಟೈಗರ್ ಸರ್ಕಲ್ ಬಂತು. ಗಣಪತಿ ಅಲುಗಾಡಲಿಲ್ಲ. ಅದಾಗಿ ಮೂರು ವಾರ, ಆಗುಂಬೆ ಘಾಟಿಯನ್ನೂ ಒಮ್ಮೆ ಹತ್ತಿ ಇಳಿದಾಯಿತು. ದೀಪ ಹತ್ತಿಲ್ಲ.

ನಾಲ್ಕನೆಯ ಗುಂಡಿಯ ಆಯಿಲ್ ಹಾಗೇ ಇದೆ. ಗ್ಯಾಸ್ಕೆಟ್ ತಂದಿಟ್ಟಿದ್ದೇನೆ, ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಆ ಕೆಲಸ. ಹಲಸಿನ ಬೀಜ ಈಗ ಅಡುಗೆ ಮನೆಯ ಬಿಸ್ಕತ್ ಡಬ್ಬಿಯಲ್ಲಿದೆ. ಬೋನು ತಂದು, ಸುಟ್ಟ ಕೊಬ್ಬರಿ ಚೂರು ಸಿಕ್ಕಿಸಿ ಕಾರಿನ ಮುಂದಿನ ಚಕ್ರದ ಪಕ್ಕ ಇಟ್ಟೆ. ಮೂರು ರಾತ್ರಿಯಿಂದ ಕೊಬ್ಬರಿ ಮಾತ್ರ ಹೋಗುತ್ತಿದೆ.